ನಲ್ಲಿ ನೀರೋ, ಬಾಟಲಿ ನೀರೋ? ಬಣ್ಣ ಬದಲಿಸುವ ನೀರಿನ ವಿಡಿಯೋ ಹೇಳದೇ ಬಿಟ್ಟ ವಿಷಯ

ವಾಟ್ಸಾಪ್‌ನಲ್ಲಿ ಆಗಾಗ ಸುತ್ತು ಹೊಡೆಯುವ ಒಂದು ವಿಡಿಯೋ ನಿಮಗೂ ಬಂದಿರಬಹುದು. ಮೇಜಿನ ಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಬಾಟಲಿ ನೀರು ಅಥವಾ ಆರ್‌ಒ ಫಿಲ್ಟರ್ ನೀರು. ಕಡ್ಡಿಗಳಿರುವ ಒಂದು ಸಾಧನವನ್ನು ಎರಡಕ್ಕೂ ಇಳಿಸಿ ಸ್ವಿಚ್ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ನಲ್ಲಿ ನೀರಿನಲ್ಲಿ ಹಸಿರು, ಕಂದು ಬಣ್ಣದ ಗಸಿ ಏಳುತ್ತದೆ. ಬಾಟಲಿ ನೀರು ತಿಳಿಯಾಗಿಯೇ ಇರುತ್ತದೆ. ‘ನಿಮ್ಮ ಮಕ್ಕಳು ದಿನಾ ಕುಡಿಯುತ್ತಿರುವುದು ಇದನ್ನೇ, ಎಲ್ಲರಿಗೂ ಕಳಿಸಿ’ ಎಂಬ ಮಾತೂ ಜೊತೆಗಿರುತ್ತದೆ.

ಬಣ್ಣ ಬರುವುದು ಸುಳ್ಳಲ್ಲ. ಆದರೆ ಆ ಬಣ್ಣ ಬಂದದ್ದು ನೀರಿನೊಳಗಿನ ಕೊಳೆಯಿಂದ ಅಲ್ಲ, ಕಡ್ಡಿಯಿಂದ. ಆ ಸಾಧನದಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಕಡ್ಡಿಗಳಿರುತ್ತವೆ. ವಿದ್ಯುತ್ ಹರಿದಾಗ ಕಬ್ಬಿಣದ ಕಡ್ಡಿ ಕರಗಿ, ತುಕ್ಕಿನಂಥ ವಸ್ತುವಾಗಿ ನೀರಿಗೆ ಸೇರುತ್ತದೆ. ವಿದ್ಯುತ್ ಹರಿಯಬೇಕಾದರೆ ನೀರಿನಲ್ಲಿ ಲವಣಾಂಶ ಇರಬೇಕು. ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಲವಣಗಳು ಸಹಜವಾಗಿಯೇ ಇವೆ. ಆರ್‌ಒ ನೀರಿನಲ್ಲಿ ಅವು ತೀರಾ ಕಡಿಮೆ, ಹಾಗಾಗಿ ಅದು ತಿಳಿಯಾಗಿ ಉಳಿಯುತ್ತದೆ. ಫಿಲ್ಟರ್ ಮಾರುವವರು ಮನೆಗೆ ಬಂದು ಈ ಆಟ ತೋರಿಸಿದರೆ ಅವರ ‘ಶುದ್ಧ’ ನೀರಿನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಸ್ವಿಚ್ ಹಾಕಲು ಹೇಳಿ. ಅದೂ ಬಣ್ಣ ತಿರುಗುತ್ತದೆ!

ಟಿಡಿಎಸ್ ಮೀಟರ್ ಏನು ಹೇಳುತ್ತದೆ?

ಪೆನ್ನಿನ ಗಾತ್ರದ ಟಿಡಿಎಸ್ ಮೀಟರ್ ಅಳೆಯುವುದೂ ಇದನ್ನೇ: ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂಬುದನ್ನು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಟಿಡಿಎಸ್ ಇರಬಹುದು. ಬೇರೆ ನೀರಿನ ಮೂಲವೇ ಇಲ್ಲದ ಕಡೆ 2,000ದವರೆಗೂ ಅವಕಾಶವಿದೆ. ಕಾವೇರಿ ನೀರು ಈ 500ಕ್ಕಿಂತ ಸಾಕಷ್ಟು ಕೆಳಗಿರುತ್ತದೆ.

ಈ ಮೀಟರಿಗೆ ರೋಗಾಣು ಕಾಣುವುದಿಲ್ಲ. ಟಿಡಿಎಸ್ 50 ಇರುವ ನೀರಿನಲ್ಲಿ ಭೇದಿ ತರಿಸುವ ಬ್ಯಾಕ್ಟೀರಿಯಾ ತುಂಬಿರಬಹುದು, 600 ಇರುವ ನೀರಿನಲ್ಲಿ ಒಂದೂ ಇಲ್ಲದಿರಬಹುದು. ಫ್ಲೋರೈಡ್ ಎಷ್ಟಿದೆ ಎಂದೂ ಅದು ಪ್ರತ್ಯೇಕವಾಗಿ ಹೇಳದು. ಅಂದರೆ ನಾವು ನಿಜವಾಗಿ ಹೆದರಬೇಕಾದ ಎರಡು ವಿಷಯಗಳ ಬಗ್ಗೆ ಈ ಮೀಟರ್ ಮೂಕ.

ನಲ್ಲಿ ನೀರು ಎಲ್ಲಿ ಕೆಡುತ್ತದೆ?

ಬೆಂಗಳೂರಿನ ಉದಾಹರಣೆಯನ್ನೇ ನೋಡೋಣ. ಕಾವೇರಿ ನೀರನ್ನು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುತ್ತಾರೆ. ಆಲಂ ಹಾಕಿ ಕೆಸರನ್ನು ತಳಕ್ಕಿಳಿಸಿ, ಮರಳಿನ ಹಾಸಿನಲ್ಲಿ ಸೋಸಿ, ಕೊನೆಗೆ ಕ್ಲೋರಿನ್ ಹಾಕುತ್ತಾರೆ. ಈ ಕ್ಲೋರಿನ್‌ನಲ್ಲಿ ಸ್ವಲ್ಪ ಭಾಗ, ಅಂದರೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ, ನಿಮ್ಮ ನಲ್ಲಿಯವರೆಗೂ ಉಳಿದು ದಾರಿಯಲ್ಲಿ ಸೇರುವ ರೋಗಾಣುಗಳನ್ನು ಕೊಲ್ಲಬೇಕು ಎಂಬುದು ಲೆಕ್ಕಾಚಾರ. ನಲ್ಲಿ ನೀರಿನಲ್ಲಿ ತುಸು ‘ಬ್ಲೀಚಿಂಗ್ ವಾಸನೆ’ ಬಂದರೆ ಮೂಗು ಮುರಿಯುತ್ತೇವಲ್ಲ, ನೀರಿನ ಕಾವಲುಗಾರ ಇನ್ನೂ ಎಚ್ಚರವಾಗಿದ್ದಾನೆ ಎಂಬುದಕ್ಕೆ ಅದೇ ಗುರುತು.

ಘಟಕದಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ನಮ್ಮ ಬಹುತೇಕ ಊರುಗಳಲ್ಲಿ ನೀರು 24 ಗಂಟೆ ಬರುವುದಿಲ್ಲ, ದಿನ ಬಿಟ್ಟು ದಿನವೋ ವಾರಕ್ಕೊಮ್ಮೆಯೋ ಬಿಡುತ್ತಾರೆ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಪೈಪು ಎಲ್ಲೋ ಒಡೆದಿದ್ದು ಪಕ್ಕದಲ್ಲೇ ಚರಂಡಿ ಇದ್ದರೆ ಹೊರಗಿನ ಕೊಳಚೆ ಒಳಗೆ ಸೇರುತ್ತದೆ. ಆಗ ಅಳಿದುಳಿದ ಕ್ಲೋರಿನ್ ಸಾಲುವುದಿಲ್ಲ.

2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಹಾಗಾಗಿ ‘ನಲ್ಲಿ ನೀರು ಸರ್ಕಾರದ್ದು, ಏನೂ ಆಗಲ್ಲ’ ಎಂದು ಹೇಳಲು ನಾವೂ ತಯಾರಿಲ್ಲ.

ಇನ್ನೊಂದು ಜಾಗ ನಮ್ಮ ಮನೆಯೊಳಗೇ ಇದೆ. ಸಂಪ್ ಮತ್ತು ಓವರ್‌ಹೆಡ್ ಟ್ಯಾಂಕ್. ಮುಚ್ಚಳ ಸರಿ ಕೂರದ ಸಂಪ್, ವರ್ಷಗಟ್ಟಲೆ ತೊಳೆಯದ ಟ್ಯಾಂಕ್, ಒಂದೇ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ನೀರು. ಇಂಥ ಟ್ಯಾಂಕಿನಿಂದ ಅಡುಗೆಮನೆ ನಲ್ಲಿಗೆ ಬಂದ ನೀರನ್ನು ಹಿಡಿದುಕೊಂಡು ‘ಕಾರ್ಪೊರೇಷನ್ ನೀರು ಕೆಟ್ಟದ್ದು’ ಎಂದರೆ ಅರ್ಧ ಮಾತ್ರ ನಿಜ.

ಹಾಗಾದರೆ ಕ್ಯಾನ್ ನೀರು ಸುರಕ್ಷಿತವೇ?

ನಾವು ‘ಮಿನರಲ್ ವಾಟರ್’ ಎಂದು ಕರೆಯುವ ಬಾಟಲಿಯ ಲೇಬಲ್ ಓದಿದರೆ ಸಾಮಾನ್ಯವಾಗಿ ‘ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್’ ಎಂದಿರುತ್ತದೆ. ಎರಡೂ ಒಂದೇ ಅಲ್ಲ. ಮೊದಲನೆಯದು ನೈಸರ್ಗಿಕ ಸೆಲೆಯಿಂದ ಹಿಡಿದು ತುಂಬಿದ ಖನಿಜಯುಕ್ತ ನೀರು. ಎರಡನೆಯದು ಬೋರ್‌ವೆಲ್ ನೀರನ್ನೋ ನಲ್ಲಿ ನೀರನ್ನೋ ಆರ್‌ಒ ಮಾಡಿ ತುಂಬಿದ್ದೂ ಆಗಿರಬಹುದು.

ಚೆನ್ನಾಗಿ ನಡೆಯುವ ಘಟಕದ ಸೀಲ್ಡ್ ಬಾಟಲಿ ಸಾಮಾನ್ಯವಾಗಿ ಸುರಕ್ಷಿತ. ಆದರೆ ಎಲ್ಲವೂ ಹಾಗಿಲ್ಲ. 2024ರ ಕೊನೆಯಲ್ಲಿ ಎಫ್‌ಎಸ್‌ಎಸ್‌ಎಐ ಬಾಟಲಿ ನೀರನ್ನು ‘ಹೆಚ್ಚು ಅಪಾಯದ ಆಹಾರ’ಗಳ ಪಟ್ಟಿಗೆ ಸೇರಿಸಿತು. 2025ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ ಬಾಟಲಿ ನೀರಿನ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಸುರಕ್ಷಿತ ಅಥವಾ ಕಳಪೆ ಎಂದು ವರದಿ ಬಂತು. ಇನ್ನು 20 ಲೀಟರ್ ಕ್ಯಾನ್‌ನದು ಬೇರೆಯೇ ಕಥೆ. ಅದೇ ಕ್ಯಾನ್ ಊರೆಲ್ಲ ಸುತ್ತಿ ಮತ್ತೆ ಮತ್ತೆ ತುಂಬಿಸಿಕೊಂಡು ಬರುತ್ತದೆ. ಒಳಗೆ ಕೈ ಹೋಗದಷ್ಟು ಕಿರಿದಾದ ಬಾಯಿ. ಅದನ್ನು ಬೋರಲು ಹಾಕುವ ಡಿಸ್ಪೆನ್ಸರ್ ತೊಳೆದು ಎಷ್ಟು ದಿನವಾಯಿತು ಎಂದು ಯೋಚಿಸಿ. ಬಾಟಲಿ ನೀರಿನಲ್ಲಿ ಕ್ಲೋರಿನ್ನಿನ ಕಾವಲೂ ಸಾಮಾನ್ಯವಾಗಿ ಇರುವುದಿಲ್ಲ. ಕ್ಯಾನ್ ಒಡೆದ ಮೇಲೆ ರೋಗಾಣು ಸೇರಿದರೆ ತಡೆಯುವವರಿಲ್ಲ.

ಪ್ಲಾಸ್ಟಿಕ್ ಕಣಗಳ ವಿಷಯವೂ ಇದೆ. ಅಮೆರಿಕದ ಕೊಲಂಬಿಯಾ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಮೂರು ಬ್ರ್ಯಾಂಡ್‌ಗಳ ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಚೂರುಗಳು ಸಿಕ್ಕವು. ಬಹುಪಾಲು ಕಣ್ಣಿಗೆ ಕಾಣದ ನ್ಯಾನೋ ಗಾತ್ರದವು. ಇವು ದೇಹದಲ್ಲಿ ಏನು ಮಾಡುತ್ತವೆ ಎಂಬುದರ ಸಂಶೋಧನೆ ನಡೆಯುತ್ತಿದೆ. ‘ಬಾಟಲಿ ನೀರು ಕುಡಿದರೆ ಕ್ಯಾನ್ಸರ್ ಗ್ಯಾರಂಟಿ’ ಎಂಬ ಫಾರ್ವರ್ಡ್‌ಗೆ ಇದರಿಂದ ಪುರಾವೆ ಸಿಗುವುದಿಲ್ಲ.

ನಿಮ್ಮ ನಲ್ಲಿಗೆ ಬರುವುದು ಯಾವ ನೀರು?

ನಲ್ಲಿಯೋ ಬಾಟಲಿಯೋ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ನದಿ ಅಥವಾ ಕೆರೆಯ ಶುದ್ಧೀಕರಿಸಿದ ನೀರು ಬರುತ್ತಿದ್ದರೆ ಇರುವ ಅಪಾಯ ಮುಖ್ಯವಾಗಿ ರೋಗಾಣುಗಳದ್ದು. ಅದಕ್ಕೆ ಅಜ್ಜಿಯ ಕಾಲದ ಉಪಾಯವೇ ಸಾಕು: ಕುದಿಸುವುದು. ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟರೆ ಆಯಿತು, ಹತ್ತು ನಿಮಿಷ ಗ್ಯಾಸ್ ಉರಿಸಬೇಕಿಲ್ಲ. ತಣಿದ ಮೇಲೆ ಅದೇ ಪಾತ್ರೆಯಲ್ಲೇ ಮುಚ್ಚಿಡಿ, ಕೈ ಅದ್ದದೆ ಸೌಟಿನಲ್ಲಿ ತೆಗೆದುಕೊಳ್ಳಿ. ಯುವಿ ಫಿಲ್ಟರ್ ಇದ್ದರೂ ಸರಿ. ಇಂಥ ನೀರಿಗೆ ಆರ್‌ಒ ಅನಗತ್ಯ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೇಂದ್ರ ಸರ್ಕಾರಕ್ಕೆ ಹೇಳಿದ್ದು ಇದೇ ಕಾರಣಕ್ಕೆ. ಒಂದು ಲೀಟರ್ ನೀರು ಕೊಡಲು ಮೂರು ಲೀಟರ್ ಚರಂಡಿಗೆ ಬಿಡುವ ಯಂತ್ರಗಳೂ ಇವೆ.

ಬೋರ್‌ವೆಲ್ ನೀರಾದರೆ ಲೆಕ್ಕ ತಲೆಕೆಳಗು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳಬಹುದು. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮುಂದೆ ಮೂಳೆ, ಕೀಲುಗಳು ಬಿಗಿಯಬಹುದು. ಈ ನೀರನ್ನು ಕುದಿಸಿದರೆ ಪ್ರಯೋಜನವಿಲ್ಲ. ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ನೈಟ್ರೇಟ್ ಕೂಡ ಹಾಗೆಯೇ. ಅದು 45 ಮಿಲಿಗ್ರಾಂ ದಾಟಿದ್ದರೆ ಕೈಗೂಸಿನ ಹಾಲಿನ ಪುಡಿಗೆ ಆ ನೀರು ಬೆರೆಸಲೇಬಾರದು. ಇಲ್ಲಿ ಆರ್‌ಒ ಬೇಕು. ಹಳ್ಳಿಯಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದ್ದರೆ, ಪಂಚಾಯಿತಿಯಲ್ಲಿ ಜಗಳವಾಡಿಯಾದರೂ ರಿಪೇರಿ ಮಾಡಿಸಿಕೊಳ್ಳಬೇಕಾದ ಊರುಗಳು ಇವು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡೋಣ. ಬೆಂಗಳೂರಿನಲ್ಲಿ ಕಡಿಮೆ ಬಳಸುವ ಮನೆಗೆ ಕಾವೇರಿ ನೀರು ಲೀಟರಿಗೆ ಸುಮಾರು ಒಂದು ಪೈಸೆ. ಅಂಗಡಿಯ ಬಾಟಲಿಗೆ ಹದಿನೆಂಟಿಪ್ಪತ್ತು ರೂಪಾಯಿ.

ನಿಮ್ಮ ನೀರು ಯಾವ ಬಗೆಯದು ಎಂದು ಊಹಿಸುತ್ತಾ ಕೂರಬೇಕಿಲ್ಲ. ಜಿಲ್ಲೆ, ತಾಲ್ಲೂಕುಗಳಲ್ಲಿರುವ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಅಲ್ಪ ಶುಲ್ಕಕ್ಕೆ ಪರೀಕ್ಷೆ ಮಾಡಿಸಬಹುದು. ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳ ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಟ್ಟಿದ್ದಾರೆ, ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ನಲ್ಲಿಯಿಂದ ಕೊಳಚೆ ವಾಸನೆಯ ನೀರು ಬಂದರೆ ಜಲಮಂಡಳಿಯ 1916ಕ್ಕೆ ಕರೆ ಮಾಡಿ, ಅಲ್ಲಿಯವರೆಗೆ ಆ ನೀರನ್ನು ಅಡುಗೆಗೂ ಬಳಸಬೇಡಿ. ಪರೀಕ್ಷೆಗೆ ಕೊಡುವಾಗ ಟಿಡಿಎಸ್ ಒಂದನ್ನೇ ಕೇಳಿ ಬರಬೇಡಿ, ಇ. ಕೋಲಿ ಬ್ಯಾಕ್ಟೀರಿಯಾ, ಫ್ಲೋರೈಡ್, ನೈಟ್ರೇಟ್ ಈ ಮೂರನ್ನೂ ಬರೆಸಿಕೊಳ್ಳಿ. ಒಂದು ಮಾದರಿ ರಸ್ತೆಯ ಪೈಪಿನಿಂದ ನೇರವಾಗಿ ಬರುವ ನಲ್ಲಿಯದು, ಇನ್ನೊಂದು ಟ್ಯಾಂಕಿನಿಂದ ಬರುವ ಅಡುಗೆಮನೆ ನಲ್ಲಿಯದು ಆಗಿರಲಿ. ಮೊದಲನೆಯದು ಪಾಸಾಗಿ ಎರಡನೆಯದು ಫೇಲಾದರೆ ನೀವು ಕರೆಯಬೇಕಾದ್ದು ಟ್ಯಾಂಕ್ ತೊಳೆಯುವವರನ್ನು.