ಹಳೇ ಬಾಗಿಲಿನ ಬಣ್ಣ ಕೆರೆಯುವ ಮುನ್ನ: ಆ ಧೂಳು ಯಾರ ಒಡಲು ಸೇರುತ್ತೆ?

ಹಬ್ಬ ಹತ್ತಿರ ಬಂತು ಅಂದ್ರೆ ಊರಿನ ಹಳೇ ಮನೆಗೆ ಬಣ್ಣ ಹೊಡೆಸೋ ಮಾತು ಶುರುವಾಗುತ್ತೆ. ಅಜ್ಜನ ಕಾಲದ ಬಾಗಿಲು, ಕಿಟಕಿ ಚೌಕಟ್ಟು, ಜಗುಲಿ ಕಂಬ. ಅವುಗಳ ಮೇಲೆ ಐದಾರು ಪದರ ಎನಾಮಲ್ ಪೇಂಟ್. "ಎಮರಿ ಹಾಕಿ ಉಜ್ಜಿದ್ರೆ ಆಯ್ತು" ಅಂತೀವಿ. ಪೇಂಟರ್ ಮೂಗಿಗೊಂದು ಟವೆಲ್ ಸುತ್ತಿಕೊಂಡು ಉಜ್ಜುತ್ತಾರೆ. ಮಕ್ಕಳು ಅಲ್ಲೇ ಓಡಾಡಿಕೊಂಡಿರ್ತಾರೆ. ಸಮಸ್ಯೆ ಇರೋದೇ ಅಲ್ಲಿ.

ಆ ಧೂಳಿನಲ್ಲಿ ಸೀಸ ಇರಬಹುದು. ಬಣ್ಣ ಗಾಢವಾಗಿರಲಿ, ಬೇಗ ಒಣಗಲಿ ಅಂತ ಎನಾಮಲ್ ಪೇಂಟ್‌ಗೆ ಸೀಸದ ಸಂಯುಕ್ತಗಳನ್ನು ಬೆರೆಸಲಾಗುತ್ತಿತ್ತು. ಭಾರತದಲ್ಲಿ ಮನೆಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಹಾಗಾಗಿ ಅದಕ್ಕಿಂತ ಹಳೇ ಬಣ್ಣ ಅಂದ್ರೆ ಸೀಸ ಇದೆ ಅಂತಲೇ ಭಾವಿಸಿ ಕೆಲಸ ಮಾಡೋದು ಜಾಣತನ. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ.

ಸೀಸಕ್ಕೆ 'ಇಷ್ಟಿದ್ರೆ ಪರವಾಗಿಲ್ಲ' ಅನ್ನೋ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಟ್ಟೆಗೆ ಹೋದ ಸೀಸವನ್ನು ಪುಟ್ಟ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತೆ. ಮೆದುಳಿಗೆ ಆದ ಹಾನಿ ವಾಪಸ್ ಸರಿಹೋಗಲ್ಲ.

ಹಾಗಾದ್ರೆ ಏನು ಮಾಡೋದು?

ಮೊದಲು ಕೇಳಬೇಕಾದ ಪ್ರಶ್ನೆ: ತೆಗೆಯಲೇಬೇಕಾ? ಹಳೇ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ರೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಮೇಲೆ ಹೊಸ ಕೋಟ್ ಹೊಡೆಯೋದೇ ಸುರಕ್ಷಿತ. ಸಿಪ್ಪೆ ಏಳುತ್ತಿದ್ರೆ ಮಾತ್ರ ಕೆರೆಯಿರಿ.

ಒರಟು ಮರದಲ್ಲಿ ಬಣ್ಣ ಎಳೆಗಳ ಸಂದಿಗೆ ಇಳಿದಿರುತ್ತೆ. ಅದಕ್ಕೇ ಎಲ್ಲರೂ ಮಷಿನ್ ಸ್ಯಾಂಡರ್ ಹುಡುಕೋದು. ಅದು ಬೇಡ, ಧೂಳು ಮನೆಯೆಲ್ಲ ಹರಡುತ್ತೆ. ಬ್ಲೋ ಲ್ಯಾಂಪ್ ಬೇಡವೇ ಬೇಡ. ತೀರಾ ಬಿಸಿಯಾದ್ರೆ ಸೀಸ ಹೊಗೆಯಲ್ಲಿ ಸೇರುತ್ತೆ, ಮರವೂ ಸುಡುತ್ತೆ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತೆ, ಮರದ ಎಳೆಗಳನ್ನೂ ಹಾಳುಮಾಡುತ್ತೆ.

ಉಳಿದಿರೋದು ನಿಧಾನದ ದಾರಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಮಕ್ಕಳು, ಗರ್ಭಿಣಿಯರು ದೂರ ಇರಲಿ. ಜೆಲ್ ರೂಪದ ಪೇಂಟ್ ರಿಮೂವರ್ ದಪ್ಪಗೆ ಬಳಿದು, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡಿ. ಮೆಥಿಲೀನ್ ಕ್ಲೋರೈಡ್ ಇರೋದನ್ನು ಕೊಳ್ಳಬೇಡಿ. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಪ್ರಾಣ ತೆಗೆದಿದೆ. ಬಣ್ಣ ಮೆತ್ತಗಾದ ಮೇಲೆ ಎಳೆ ಹೋದ ದಿಕ್ಕಿನಲ್ಲೇ ಸ್ಕ್ರೇಪರ್ ಆಡಿಸಿ, ಸಂದಿಗಳಿಗೆ ಹಿತ್ತಾಳೆ ತಂತಿಯ ಬ್ರಷ್ ಬಳಸಿ. ಎಮರಿ ಹಾಕಲೇಬೇಕಿದ್ರೆ ನೀರು ಚಿಮುಕಿಸಿ ಕೈಯಲ್ಲೇ ಉಜ್ಜಿ. ಟವೆಲ್ ಸಾಲಲ್ಲ, ಮುಖಕ್ಕೆ ಸರಿಯಾಗಿ ಕೂರುವ ಕನಿಷ್ಠ ಎನ್95 ಮಾಸ್ಕ್ ಬೇಕು. ಕೊನೆಗೆ ಪೊರಕೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆರೆದ ಬಣ್ಣವನ್ನು ಕಟ್ಟಿ ಹಾಕಿ. ಹಿತ್ತಲಲ್ಲಿ ಸುರಿಯಬೇಡಿ, ಸುಡಬೇಡಿ.

ನಿಯಮ ಎಲ್ಲಿ ನಿಂತಿದೆ?

2016ರ ನಿಯಮ ಹೊಸ ಡಬ್ಬದ ಬಗ್ಗೆ ಮಾತಾಡುತ್ತೆ. ಗೋಡೆ, ಬಾಗಿಲ ಮೇಲೆ ಈಗಾಗಲೇ ಇರೋ ಬಣ್ಣದ ಬಗ್ಗೆ ಅಲ್ಲ. ಅಮೆರಿಕದಲ್ಲಿ 1978ಕ್ಕಿಂತ ಹಳೇ ಮನೆಗಳ ಬಣ್ಣ ಕೆದಕುವ ಗುತ್ತಿಗೆದಾರರಿಗೆ 2010ರಿಂದ ಪ್ರಮಾಣಪತ್ರ ಕಡ್ಡಾಯ. ನಮ್ಮಲ್ಲಿ ಆ ಹೊಣೆ ಬೀಳೋದು ದಿನಗೂಲಿ ಪೇಂಟರ್ ಮೇಲೆ. ಒಂದು ಮನೆಯವರಿಗೆ ಇದು ವರ್ಷಕ್ಕೊಂದು ಹಬ್ಬದ ಕೆಲಸ, ಅವರಿಗೆ ನಿತ್ಯದ ಉಸಿರು. ಬಟ್ಟೆಗೆ ಅಂಟಿದ ಧೂಳು ಸಂಜೆ ಅವರ ಮಕ್ಕಳ ಹತ್ತಿರಕ್ಕೂ ಹೋಗುತ್ತೆ.

ನಿಯಮ ಬದಲಾಗಲಿ ಅಂತ ಕೇಳೋಣ, ಕೇಳಲೇಬೇಕು. ಆದ್ರೆ ಒಣ ಎಮರಿಯಲ್ಲಿ ಒಂದು ದಿನಕ್ಕೆ ಮುಗಿಯೋ ಬಾಗಿಲು ಒದ್ದೆ ಮಾಡಿ ಕೆರೆದ್ರೆ ಎರಡು ದಿನ ಹಿಡಿಯಬಹುದು. ಆ ಎರಡನೇ ದಿನದ ಕೂಲಿ, ಮಾಸ್ಕ್‌ನ ದುಡ್ಡು ಕೊಡೋಕೆ ಯಾವ ಕಾನೂನಿಗೂ ಕಾಯಬೇಕಿಲ್ಲ.