ಅಂಗಡಿಯಲ್ಲಿ ಆಮೆ ಸಿಗುತ್ತೆ, ಅದಕ್ಕೆ ಬೇಕಾದ ಬಿಸಿಲು?

2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಟ್ರಾಲಿ ಬ್ಯಾಗೊಂದನ್ನು ತೆರೆದ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ಸಿಕ್ಕಿದ್ದು 234 ಪ್ರಾಣಿಗಳು. ಹೆಬ್ಬಾವು, ಊಸರವಳ್ಳಿ, ಇಗುವಾನ, ಆಮೆ, ಅಲಿಗೇಟರ್. ಜೊತೆಗೊಂದು ಸತ್ತ ಕಾಂಗರೂ ಮರಿ. ಕಾಂಗರೂ ಇದ್ದಿದ್ದಕ್ಕೆ ಸುದ್ದಿ ದೇಶವೆಲ್ಲ ಓಡಾಡಿತು. ಕಳ್ಳಸಾಗಣೆ, ಕಾನೂನು ಅಂತ ನಾಲ್ಕು ದಿನ ಚರ್ಚೆಯೂ ಆಯಿತು. ಆದರೆ ಸಿಕ್ಕಿಬೀಳದೆ ಯಾರದೋ ಅಪಾರ್ಟ್‌ಮೆಂಟಿನ ಹಾಲ್ ಸೇರಿಕೊಳ್ಳುವ ಪ್ರಾಣಿಯ ಗತಿ ಏನು? ಅಲ್ಲಿ ಅದರ ಹಣೆಬರಹ ಬರೆಯೋದು ಬಹುಪಾಲು ಒಂದು ಬಲ್ಬು.

ಉತ್ಪ್ರೇಕ್ಷೆ ಅನಿಸಿದರೆ, ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ಕೆಂಪು ಕಿವಿಯ ಆಮೆಯನ್ನೇ ನೋಡಿ. ರೆಡ್ ಇಯರ್ಡ್ ಸ್ಲೈಡರ್ ಅಂತ ಇದರ ಹೆಸರು, ಮೂಲ ಅಮೆರಿಕದ ದಕ್ಷಿಣ ಭಾಗ. ಮರಿ ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಜೊತೆಗೊಂದು ಪ್ಲಾಸ್ಟಿಕ್ ಬಟ್ಟಲು, ಅದರಲ್ಲೊಂದು ಪ್ಲಾಸ್ಟಿಕ್ ತೆಂಗಿನಮರ. ಇದೇ ಆಮೆ ಊಟದ ತಟ್ಟೆಯಷ್ಟಗಲ ಬೆಳೆದು, ಎರಡು ಮೂರು ದಶಕ ಬದುಕುತ್ತೆ ಅನ್ನೋದನ್ನು ಕೊಳ್ಳುವವರಿಗೆ ಯಾರು ಹೇಳ್ತಾರೆ?

ನಮ್ಮ ದೇಹ ತಿಂದ ಅನ್ನವನ್ನೇ ಉರಿಸಿ 37 ಡಿಗ್ರಿ ಕಾಯ್ದುಕೊಳ್ಳುತ್ತೆ. ಆಮೆ, ಹಲ್ಲಿ, ಹಾವುಗಳಿಗೆ ಆ ಒಲೆ ಇಲ್ಲ. ಅವು ಶಾಖವನ್ನು ಹೊರಗಿನಿಂದ ಸಾಲ ತರಬೇಕು. ಮೈ ಬೆಚ್ಚಗಾಗದಿದ್ದರೆ ತಿಂದದ್ದು ಅರಗಲ್ಲ, ರೋಗ ತಡೆಯುವ ಶಕ್ತಿಯೂ ಕುಂದುತ್ತೆ. ಹಾಗಾಗಿ 'ಆಮೆ ಯಾಕೋ ಏನೂ ತಿಂತಿಲ್ಲ' ಅನ್ನುವ ದೂರಿಗೆ ಎಷ್ಟೋ ಸಲ ಆಹಾರ ಕಾರಣವಲ್ಲ, ಥಂಡಿ ಕಾರಣ. ಡಿಸೆಂಬರ್ ರಾತ್ರಿ ಬೆಂಗಳೂರಿನಲ್ಲಿ ತಾಪಮಾನ 15 ಡಿಗ್ರಿ ಹತ್ತಿರ ಇಳಿಯುತ್ತೆ. ನಾವು ರಗ್ಗು ಹೊದ್ದುಕೊಳ್ತೇವೆ. ಬಟ್ಟಲಲ್ಲಿರುವ ಆಮೆಗೆ ರಗ್ಗು ಹೊದಿಸಿದರೂ ಉಪಯೋಗವಿಲ್ಲ. ರಗ್ಗು ಇರುವ ಶಾಖವನ್ನು ಹಿಡಿದಿಡುತ್ತೆ ಹೊರತು ಹುಟ್ಟಿಸಲ್ಲ.

ಹಾಗಂತ ಇಡೀ ತೊಟ್ಟಿಯನ್ನು ಬಿಸಿ ಮಾಡಿಬಿಟ್ಟರೆ ಅದೂ ಅಪಾಯವೇ. ಬೇಕಿರೋದು ಆಯ್ಕೆ. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿರಬೇಕು; ಎಲ್ಲಿ ಕೂರಬೇಕು ಅಂತ ಪ್ರಾಣಿಯೇ ತೀರ್ಮಾನಿಸಬೇಕು. ಸ್ಲೈಡರ್‌ಗಾದರೆ ನೀರು ಸುಮಾರು 24ರಿಂದ 26 ಡಿಗ್ರಿ, ಮೈ ಒಣಗಿಸಿಕೊಳ್ಳಲು ನೀರಿನಾಚೆಗೊಂದು ಕಲ್ಲು ಅಥವಾ ಮರದ ತುಂಡು, ಅದರ ಮೇಲೆ 32-35 ಡಿಗ್ರಿ ಕೊಡುವ ದೀಪ. ಶಾಖ ಮೇಲಿನಿಂದ ಬರಲಿ, ಸೂರ್ಯನ ಹಾಗೆ. ಒಳಗಿಡುವ 'ಬಿಸಿ ಕಲ್ಲು'ಗಳು ಹೊಟ್ಟೆ ಸುಡುತ್ತವೆ. ಸುಡುತ್ತಿದ್ದರೂ ಎಷ್ಟೋ ಪ್ರಾಣಿಗಳು ಅಲ್ಲಿಂದ ಏಳುವುದಿಲ್ಲ. ಶಾಖ ಕೊಡುವ ಯಾವ ಸಾಧನಕ್ಕಾದರೂ ಥರ್ಮೋಸ್ಟಾಟ್ ಇರಲೇಬೇಕು. ರಾತ್ರಿ ಕೆಂಪು ಬಲ್ಬ್ ಹಚ್ಚಿಡುವ ರೂಢಿಯನ್ನೂ ಬಿಡಿ. ಕತ್ತಲು ಅವಕ್ಕೂ ಬೇಕು. ಚಳಿಗೆ ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಸೆರಾಮಿಕ್ ಹೀಟರ್ ಸಿಗುತ್ತೆ.

ಶಾಖದ ಸಮಸ್ಯೆ ಕೈಗೆ ತಿಳಿಯುತ್ತೆ. ಬೆಳಕಿನದ್ದು ಕಣ್ಣಿಗೇ ಕಾಣಲ್ಲ. ಬಿಸಿಲಿನಲ್ಲಿರುವ ಯುವಿಬಿ, ಅಂದರೆ 280ರಿಂದ 315 ನ್ಯಾನೋಮೀಟರ್ ಅಳತೆಯ ನೇರಳಾತೀತ ಕಿರಣ, ಚರ್ಮದ ಮೇಲೆ ಬಿದ್ದಾಗ ಡಿ3 ವಿಟಮಿನ್ ತಯಾರಾಗುತ್ತೆ. ಅದಿಲ್ಲದೆ ಎಷ್ಟು ಕ್ಯಾಲ್ಸಿಯಂ ತಿನ್ನಿಸಿದರೂ ದೇಹ ಸರಿಯಾಗಿ ಹೀರಿಕೊಳ್ಳಲ್ಲ. ಆಗ ದೇಹ ತನ್ನದೇ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯಲು ಶುರುಮಾಡುತ್ತೆ. ಚಿಪ್ಪು ಮೆತ್ತಗಾಗುತ್ತೆ, ಹಲ್ಲಿಗಳ ದವಡೆ ರಬ್ಬರಿನಂತೆ ಬಾಗುತ್ತೆ, ಕಾಲು ಸೊಟ್ಟಗಾಗುತ್ತೆ. ಇದಕ್ಕೆ ಮೆಟಬಾಲಿಕ್ ಬೋನ್ ಡಿಸೀಸ್ ಅಂತಾರೆ. ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುವ ಕಾಯಿಲೆ ಇದು. ಆಮೆ ಕೂಗಲ್ಲ, ಕುಂಯ್ಗುಡಲ್ಲ. ಹಾಗಾಗಿ ಯಾರಿಗೂ ಕ್ರೌರ್ಯ ಅನ್ನಿಸೋದೂ ಇಲ್ಲ.

'ನಮ್ಮಲ್ಲಿ ಬಿಸಿಲಿಗೇನು ಬರ?' ಅನ್ನಬಹುದು. ನಿಜ, ನೇರ ಬಿಸಿಲಿಗಿಂತ ಒಳ್ಳೆಯ ಬಲ್ಬ್ ಇಲ್ಲ. ಆದರೆ ಕಿಟಕಿಯ ಗಾಜು ಯುವಿಬಿಯನ್ನು ತಡೆದುಬಿಡುತ್ತೆ. ಗಾಜಿನಾಚೆಯಿಂದ ಬೀಳುವ ಬಿಸಿಲು ಆಮೆಗೆ ಬರೀ ಬೆಳಕು. ಇನ್ನು ಗಾಜಿನ ತೊಟ್ಟಿಯನ್ನೇ ಎತ್ತಿ ಬಾಲ್ಕನಿಯ ಬಿಸಿಲಿಗಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದು ಓವನ್. ಅರ್ಧ ನೆರಳಿರುವ ಅಗಲವಾದ ಟಬ್‌ನಲ್ಲಿ, ಕಾಗೆ ಬೆಕ್ಕಿನ ಕಾವಲಿನೊಂದಿಗೆ, ಬೆಳಗಿನ ಬಿಸಿಲು ಕಾಯಿಸಬಹುದು. ಬಾಲ್ಕನಿಯೇ ಇಲ್ಲದ ಬಾಡಿಗೆ ಮನೆಯಾದರೆ ಯುವಿಬಿ ಟ್ಯೂಬೇ ಗತಿ. ಮಾಮೂಲಿ ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗಲ್ಲ. ಯುವಿಬಿ ಟ್ಯೂಬ್ ಕೂಡ ಉರಿಯುತ್ತಿರುವಾಗಲೇ ಸತ್ತಿರುತ್ತೆ: ಬೆಳಕು ಮೊದಲಿನಂತೆಯೇ ಕಾಣುತ್ತೆ, ಕಿರಣ ಮಾತ್ರ ಕುಗ್ಗಿರುತ್ತೆ. ಆರು ತಿಂಗಳಿಗೋ ವರ್ಷಕ್ಕೋ ಬದಲಿಸಲೇಬೇಕು. ಮರಿಗೆ ಕೊಟ್ಟ ದುಡ್ಡಿಗಿಂತ ಈ ಖರ್ಚೇ ಹಲವು ಪಟ್ಟು.

ಉಭಯವಾಸಿಗಳ ಕಥೆ ಇದಕ್ಕೆ ಉಲ್ಟಾ. 2021ರಲ್ಲಿ ಮೈನ್‌ಕ್ರಾಫ್ಟ್ ಆಟಕ್ಕೆ ಸೇರಿದ ಮೇಲೆ ಮಕ್ಕಳಿಗೂ ಪರಿಚಯವಾದ ಆಕ್ಸೊಲಾಟ್ಲ್, ಮೆಕ್ಸಿಕೋ ಸಿಟಿಯ ಸೋಚಿಮಿಲ್ಕೊ ಕಾಲುವೆಗಳ ತಣ್ಣೀರಿನ ಜೀವಿ. ಕಾಡಿನಲ್ಲಿ ಅದು ಅಳಿವಿನಂಚಿನಲ್ಲಿದೆ. ಅದಕ್ಕೆ ಬೇಕಿರೋದು 16ರಿಂದ 18 ಡಿಗ್ರಿ ನೀರು. 24 ದಾಟಿದರೆ ನರಳಾಟ ಶುರು. ಕಣ್ಣಿಗೆ ರೆಪ್ಪೆ ಇಲ್ಲದ್ದರಿಂದ ಪ್ರಖರ ಬೆಳಕೂ ಆಗಲ್ಲ. ನಮ್ಮ ಏಪ್ರಿಲ್‌ನಲ್ಲಿ ಅದನ್ನು ಉಳಿಸಿಕೊಳ್ಳಲು ಚಿಲ್ಲರ್ ಬೇಕು, ದಿನವಿಡೀ ಕರೆಂಟ್ ಬೇಕು. ಲೋಡ್‌ಶೆಡ್ಡಿಂಗ್ ಇರುವ ಊರಿನಲ್ಲಿ ಇದನ್ನು ಸಾಕುವುದು ಶೋಕಿಯಲ್ಲದೆ ಬೇರೇನಲ್ಲ.

ಸರ್ಕಾರ ಏನು ಮಾಡಿದೆ? ನಕ್ಷತ್ರ ಆಮೆಯಂಥ ನಮ್ಮದೇ ವನ್ಯಜೀವಿಗಳನ್ನು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಎಂಥ ಬಲ್ಬ್ ಹಾಕಿದರೂ ಅಪರಾಧವೇ. ಬಾಲ್ ಪೈಥಾನ್, ಇಗುವಾನ, ಆಕ್ಸೊಲಾಟ್ಲ್‌ನಂಥ, ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು 2022ರ ತಿದ್ದುಪಡಿ ಕಾನೂನಿನೊಳಗೆ ತಂದಿತು. 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಹುಟ್ಟು, ಸಾವು, ಕೈಬದಲಾವಣೆ ಎಲ್ಲವನ್ನೂ ತಿಳಿಸಬೇಕು. ಒಳ್ಳೆಯದೇ. ಆದರೆ ಲೆಕ್ಕಕ್ಕೆ ಸಿಕ್ಕ ಪ್ರಾಣಿ ಕತ್ತಲಲ್ಲಿ ಮೂಳೆ ಕರಗಿ ಸತ್ತರೆ ಅದೂ ಒಂದು ನಮೂದು ಅಷ್ಟೇ. ಈ ಜವಾಬ್ದಾರಿಯನ್ನು ಕೊಳ್ಳುವವರ ತಲೆಗೆ ಮಾತ್ರ ಕಟ್ಟೋದು ಸರಿಯಲ್ಲ. ಆ ಪ್ರಾಣಿಗೆ ಬೇಕಾದ ಶಾಖ, ಬೆಳಕಿನ ವಿವರ ಮತ್ತು ವರ್ಷದ ಖರ್ಚನ್ನು ಬರೆದು ಕೊಡದೆ ಮಾರುವ ಹಾಗಿಲ್ಲ ಅನ್ನುವ ಒಂದು ನಿಯಮ ಜಾರಿಯಾದರೆ ಅರ್ಧ ವ್ಯಾಪಾರ ತಾನಾಗಿಯೇ ನಿಲ್ಲುತ್ತೆ. ಕೆಲವು ದೇಶಗಳು ಇದಕ್ಕಿಂತ ಮುಂದೆ ಹೋಗಿವೆ. ನಾಲ್ಕು ಇಂಚಿಗಿಂತ ಸಣ್ಣ ಆಮೆಗಳ ಮಾರಾಟವನ್ನು ಅಮೆರಿಕ ಸಾಲ್ಮೊನೆಲ್ಲಾ ಸೋಂಕಿನ ಕಾರಣಕ್ಕೆ 1975ರಲ್ಲೇ ನಿಲ್ಲಿಸಿತು. ಸ್ಲೈಡರ್ ಆಮದನ್ನು ಯುರೋಪಿಯನ್ ಒಕ್ಕೂಟ 1997ರಲ್ಲಿ ನಿಷೇಧಿಸಿತು.

ಈಗಾಗಲೇ ಮನೆಯಲ್ಲೊಂದು ಸ್ಲೈಡರ್ ಇದ್ದು, ಸಾಕಲು ಆಗ್ತಿಲ್ಲ ಅನಿಸಿದರೆ 'ಪಾಪ, ಹೊರಗೆ ಬಿಸಿಲಾದರೂ ಸಿಗಲಿ' ಅಂತ ಕೆರೆಗೆ ಮಾತ್ರ ಬಿಡಬೇಡಿ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ. ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ನಮ್ಮ ಆಮೆಗಳ ಜೊತೆ ಪೈಪೋಟಿಗಿಳಿಯುತ್ತೆ. ಬದಲಿಗೆ ಪ್ರಾಣಿ ರಕ್ಷಣಾ ಕೇಂದ್ರವನ್ನೋ, ಸರೀಸೃಪ ಗೊತ್ತಿರುವ ಪಶುವೈದ್ಯರನ್ನೋ ಕೇಳಿ. ಸಾಕುವುದೇ ಆದರೆ ಒಂದು ಯುವಿಬಿ ಟ್ಯೂಬ್, ಒಂದು ಥರ್ಮಾಮೀಟರ್ ತನ್ನಿ. ಟ್ಯೂಬ್ ಹಾಕಿದ ತಾರೀಖನ್ನು ತೊಟ್ಟಿಯ ಮೇಲೆ ಬರೆದಿಡಿ.