ಆರು ಪೆನ್ಸಿನ ಪುಸ್ತಿಕೆ, ಎರಡನೇ ಸಲ

ಶನಿವಾರ ಮಧ್ಯಾಹ್ನ ಒಂದೂವರೆ. ಪಂದ್ಯ ಮೂರಕ್ಕೆ. ಇಂಗ್ಲೆಂಡಿನ ಕೆಳ ಡಿವಿಜನ್ನಿನ ಯಾವುದಾದರೊಂದು ಊರಿನ ಫುಟ್‌ಬಾಲ್ ಮೈದಾನಕ್ಕೆ ಈ ಹೊತ್ತಿಗೆ ಹೋಗಿ ನೋಡಿ. ಗೇಟು ದಾಟಿದರೆ ಚಹಾ, ಬಿಸಿ ಪೈ ಮಾರುವ ಕಿಟಕಿ. ಅದರ ಪಕ್ಕದಲ್ಲೊಂದು ಮರದ ಶೆಡ್ಡು. ಒಳಗೆ ಕಾಲಿಟ್ಟೊಡನೆ ಮೂಗಿಗೆ ಬಡಿಯುವುದು ಹಳೇ ಕಾಗದದ ಮುಗ್ಗಲು ವಾಸನೆ. ಮೇಜಿನ ಮೇಲೆ ಸಾಲಾಗಿ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳು. ಅವುಗಳಲ್ಲಿ ಒತ್ತೊತ್ತಾಗಿ ನಿಂತ ನೂರಾರು ತೆಳು ಪುಸ್ತಿಕೆಗಳು.

ಇವು ಪಂದ್ಯದ ದಿನ ಕ್ಲಬ್ಬು ಅಚ್ಚು ಹಾಕಿಸಿ ಮಾರಿದ 'ಪ್ರೋಗ್ರಾಂ'ಗಳು. ಎರಡೂ ಕಡೆಯ ಹನ್ನೊಂದು ಮಂದಿಯ ಪಟ್ಟಿ, ಮ್ಯಾನೇಜರನ ನಾಲ್ಕು ಮಾತು, ಊರಿನ ಮಾಂಸದಂಗಡಿಯ ಜಾಹೀರಾತು. ಅಂದು ದುಡ್ಡು ಕೊಟ್ಟು ಕೊಂಡ ಅಭಿಮಾನಿಗಳೇ ಇಂದು ಅವನ್ನು ಬಿಟ್ಟಿಯಾಗಿ ತಂದುಕೊಡುತ್ತಾರೆ. ಮಾರಿ ಬಂದ ಹಣ ಕ್ಲಬ್ಬಿನ ಡಬ್ಬಿಗೆ.

ಬಾಗಿಲಲ್ಲಿ ನಡುವಯಸ್ಸಿನವನೊಬ್ಬ ಎರಡು ಪೆಟ್ಟಿಗೆ ಹೊತ್ತು ನಿಂತಿದ್ದಾನೆ. "ಅಪ್ಪನವು. ಅಟ್ಟದಲ್ಲಿದ್ದವು. ರದ್ದಿಗೆ ಹಾಕೋಕೆ ಮನಸ್ಸು ಬರಲಿಲ್ಲ" ಎನ್ನುತ್ತಾನೆ. ಕ್ಲಬ್ಬಿನ ಶಾಲು ಸುತ್ತಿಕೊಂಡ ಮುದುಕ, ಸಂಬಳವಿಲ್ಲದ ಈ ಅಂಗಡಿಯ ಯಜಮಾನ, "ಇಲ್ಲಿಡಪ್ಪ" ಎಂದು ಮೇಜಿನ ಮೇಲೆ ಜಾಗ ಮಾಡುತ್ತಾನೆ. ಆಮೇಲೆ ಒಂದೊಂದನ್ನೇ ತೆಗೆದು ವಿಂಗಡಿಸುವ ಕೆಲಸ. ತವರಿನ ಪಂದ್ಯದ್ದು ಇತ್ತ, ಹೊರಗಿನದು ಅತ್ತ, ಕಪ್ ಪಂದ್ಯದ್ದು ಬೇರೆ. ಪಿನ್ನು ತುಕ್ಕು ಹಿಡಿದದ್ದು, ಚಹಾ ಲೋಟದ ಉಂಗುರ ಬಿದ್ದದ್ದು ಅಗ್ಗದ ಪೆಟ್ಟಿಗೆಗೆ. ಮಡಚಿದ ಒಂದೇ ಹಾಳೆಯದು ಸಿಕ್ಕರೆ ಮಾತ್ರ ಕೈ ನಿಧಾನವಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಕಾಗದಕ್ಕೆ ಬರ ಬಂದಾಗ ಪ್ರೋಗ್ರಾಂ ಅಷ್ಟಕ್ಕೆ ಇಳಿದಿತ್ತು, ಉಳಿದಿರುವುದೂ ಕಡಿಮೆ.

ಪುಟಗಳ ತುಂಬ ಪೆನ್ಸಿಲ್ ಗುರುತು. ಬಾರದ ಆಟಗಾರನ ಹೆಸರಿಗೆ ಅಡ್ಡಗೀಟು, ಮೇಲೆ ಬದಲಿಯವನ ಹೆಸರು. ಹಿಂದೆಲ್ಲ ಮೈದಾನದ ಹಲಗೆಯಲ್ಲಿ ಬೇರೆ ಊರುಗಳ ಅರ್ಧ ಹೊತ್ತಿನ ಸ್ಕೋರನ್ನು ಎ, ಬಿ, ಸಿ ಎಂಬ ಅಕ್ಷರಗಳ ಎದುರು ಹಾಕುತ್ತಿದ್ದರು. ಯಾವ ಅಕ್ಷರ ಯಾವ ಪಂದ್ಯ ಎಂಬುದು ಪ್ರೋಗ್ರಾಂ ಕೊಂಡವನಿಗೆ ಮಾತ್ರ ಗೊತ್ತು! ಅವನು ಸ್ಕೋರನ್ನು ಅದರಲ್ಲೇ ಗೀಚಿಕೊಳ್ಳುತ್ತಿದ್ದ. ಸಂಗ್ರಾಹಕರು ಹೀಗೆ ಬರೆದದ್ದಕ್ಕೆ ಬೆಲೆ ಕಡಿಮೆ ಕಟ್ಟುತ್ತಾರೆ. ಆದರೆ 1958ರ ಫೆಬ್ರವರಿ 19ರ ಪ್ರೋಗ್ರಾಂ ನೆನೆಯಿರಿ. ಮ್ಯಾಂಚೆಸ್ಟರ್ ಯುನೈಟೆಡ್ ತಂಡವಿದ್ದ ವಿಮಾನ ಮ್ಯೂನಿಕ್‌ನಲ್ಲಿ ದುರಂತಕ್ಕೀಡಾಗಿ ಹದಿಮೂರೇ ದಿನ. ಷೆಫೀಲ್ಡ್ ವೆನ್ಸ್‌ಡೇ ವಿರುದ್ಧ ಯಾರು ಆಡುತ್ತಾರೆಂದು ಹೇಳಲಾಗದೆ ಆ ಕ್ಲಬ್ಬು ತನ್ನ ಹನ್ನೊಂದೂ ಹೆಸರಿನ ಜಾಗವನ್ನು ಖಾಲಿ ಬಿಟ್ಟಿತ್ತು. ಅಲ್ಲಿ ಬರೆಯುವ ಕೆಲಸ ಪ್ರೇಕ್ಷಕನದೇ.

1882ರ ಎಫ್.ಎ. ಕಪ್ ಫೈನಲ್ಲಿನ ಪ್ರೋಗ್ರಾಂ ಒಂದು 2013ರ ಹರಾಜಿನಲ್ಲಿ 35,250 ಪೌಂಡಿಗೆ ಹೋಯಿತು. ಈ ಶೆಡ್ಡಿನವರು ಅಂಥ ನಿಧಿಯ ಕನಸು ಕಾಣುವವರಲ್ಲ. ಇಲ್ಲಿ ನಡೆಯುವುದು ಚಿಲ್ಲರೆ ವ್ಯಾಪಾರ. ತಾನು ಹುಟ್ಟಿದ ವಾರದ ಪಂದ್ಯ ಹುಡುಕುವವನು, ಒಂದು ಸೀಸನ್ನಿನ ಸಂಗ್ರಹ ತುಂಬಲು ಒಂದೇ ಪ್ರೋಗ್ರಾಂ ಕೊರತೆಯಿರುವವನು, ತಾತನ ಜೊತೆ ಮೊದಲ ಸಲ ನೋಡಿದ ಆಟದ್ದು ಬೇಕೆನ್ನುವವಳು. ಟಿವಿಯ ಕೋಟಿಗಳು ಹರಿಯುವುದು ಮೇಲಿನ ಲೀಗಿಗೆ. ಕೆಳಗಿನವರಿಗೆ ಗೇಟಿನ ಹಣವೇ ಹೊಟ್ಟೆಪಾಡು. ಮಳೆ ಹೊಡೆದು ಪಂದ್ಯ ಮುಂದಕ್ಕೆ ಹೋದರೆ ಆ ವಾರ ಅದೂ ಇಲ್ಲ. ಹುಲ್ಲಿನ ಬೀಜಕ್ಕೋ ಹೊರ ಊರಿನ ಬಸ್ಸಿಗೋ ಈ ಚಿಲ್ಲರೆಯೂ ಒದಗುತ್ತದೆ.

ಪುಸ್ತಿಕೆಯ ಕಾಲವೂ ಇಳಿಮುಖ. ಪ್ರತಿ ಪಂದ್ಯಕ್ಕೂ ಅಚ್ಚು ಹಾಕಿಸಲೇಬೇಕೆಂಬ ಕಟ್ಟಳೆಯನ್ನು ಇಂಗ್ಲಿಷ್ ಫುಟ್‌ಬಾಲ್ ಲೀಗಿನ ಕ್ಲಬ್ಬುಗಳು 2018ರಲ್ಲಿ ಮತ ಹಾಕಿ ತೆಗೆದವು. ತಂಡದ ಪಟ್ಟಿ ಈಗ ಮೊಬೈಲಿನಲ್ಲಿದೆ.

ಮೂರು ಗಂಟೆಗೆ ಹತ್ತು ನಿಮಿಷ ಬಾಕಿ. ಮುದುಕ ಶೆಡ್ಡಿನ ಬಾಗಿಲೆಳೆಯುತ್ತಾನೆ. ಅವನೂ ಆಟ ನೋಡಬೇಕು. ಅಷ್ಟರಲ್ಲಿ ಓಡಿಬಂದ ಹುಡುಗನೊಬ್ಬ ಆಗಷ್ಟೇ ಬಂದ ಪೆಟ್ಟಿಗೆಯಿಂದ ಒಂದನ್ನು ಎಳೆದು ಒಂದು ಪೌಂಡ್ ಇಡುತ್ತಾನೆ. ಮುಖಪುಟದಲ್ಲಿ ಅಚ್ಚಾಗಿರುವ ಬೆಲೆ ಆರು ಪೆನ್ಸು. ಎರಡು ಸಲವೂ ದುಡ್ಡು ಸೇರಿದ್ದು ಒಂದೇ ಕ್ಲಬ್ಬಿಗೆ.